ನೆರೆಮನೆಯ ನಾಟಕಕ್ಕೆ ಒಂದು ಟಿಕೆಟ್

ಖಾನಾಪುರ ತಾಲ್ಲೂಕಿನಲ್ಲಿ ಮಳೆ ಹಿಂದೆ ಸರಿದು ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಬೆಳಗಾವಿ ಸೀಮೆಯಲ್ಲಿ ಬಣ್ಣ ಹಚ್ಚುವವರ ಹಂಗಾಮು ಶುರುವಾಗುತ್ತದೆ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ, ನವೆಂಬರ್ 1ಕ್ಕೆ ರಾಜ್ಯೋತ್ಸವ, 5ಕ್ಕೆ ಮರಾಠಿ ರಂಗಭೂಮಿ ದಿನ, ಡಿಸೆಂಬರಿನಲ್ಲಿ ಚರ್ಚುಗಳ ಕ್ಯಾರಲ್ ಗಾಯನ, ಸಂಕ್ರಾಂತಿ ದಾಟಿದ ಮೇಲೆ ಊರೂರ ಜಾತ್ರೆಯ ನಾಟಕಗಳು, ಮಾರ್ಚ್ 27ಕ್ಕೆ ವಿಶ್ವ ರಂಗಭೂಮಿ ದಿನ, ಆಮೇಲೆ ಬೇಸಿಗೆಯ ಶಿವಜಯಂತಿಯ ಚಿತ್ರರಥಗಳು. ಇವುಗಳಲ್ಲಿ ದೊಡ್ಡ ಪಾಲನ್ನು ನಡೆಸುವವರು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವವರು. ಶಾಲೆಯ ಮಾಸ್ತರರು, ಬ್ಯಾಂಕಿನ ಗುಮಾಸ್ತರು, ಹೆಂಚು ಇಟ್ಟಿಗೆಯ ಭಟ್ಟಿಯಲ್ಲಿ ದುಡಿಯುವವರು, ಟ್ರ್ಯಾಕ್ಟರ್ ಹೊಡೆಯುವವರು, ಕಾಲೇಜಿನ ಹುಡುಗ ಹುಡುಗಿಯರು. ಸಂಜೆಯಾದರೆ ಇವರೇ ರಾಜರು, ಶರಣರು, ಖಳನಾಯಕರು.

ಇಷ್ಟು ಹುರುಪಿರುವ ಸೀಮೆಯಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಕನ್ನಡದ ನಾಟಕಕ್ಕೆ ಕನ್ನಡದವರು, ಮರಾಠಿ ನಾಟಕಕ್ಕೆ ಮರಾಠಿಯವರು, ಕ್ಯಾರಲ್ ಕೇಳಲು ಕ್ರೈಸ್ತರು, ಶ್ರೀಕೃಷ್ಣ ಪಾರಿಜಾತದ ಬಯಲಾಟಕ್ಕೆ ಹಳ್ಳಿಯವರು. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ರಂಗಮಂದಿರದಲ್ಲಿ ಒಂದು ವಾರದ ಅಂತರದಲ್ಲಿ ನಡೆಯುವ ಎರಡು ಪ್ರಯೋಗಗಳ ಪ್ರೇಕ್ಷಕರು ಒಬ್ಬರನ್ನೊಬ್ಬರು ಕಾಣುವುದಿಲ್ಲ. ಮಾರುಕಟ್ಟೆಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಎರಡೂ ಭಾಷೆಯನ್ನು ನಿರಾಯಾಸವಾಗಿ ಆಡುವ ಜನ ನಾಟಕಕ್ಕೆ ಬರುವಾಗ ಮಾತ್ರ ಒಂದೇ ಭಾಷೆಯವರಾಗುತ್ತಾರೆ. ಈ ಹಂಗಾಮಿನಲ್ಲಿ ಬೆಳಗಾವಿ ಮತ್ತು ಖಾನಾಪುರದ ಓದುಗರು ತಮ್ಮ ಭಾಷೆಯದಲ್ಲದ ಒಂದಾದರೂ ಹವ್ಯಾಸಿ ಪ್ರಯೋಗಕ್ಕೆ ಹಣ ಕೊಟ್ಟು ಹೋಗಬೇಕು. ತಂಡಗಳೂ ಹಾಗೆ ಬರುವವರಿಗೆ ದಾರಿ ಮಾಡಿಕೊಡಬೇಕು. ಇದು ಬರೀ ಸೌಹಾರ್ದದ ಮಾತಲ್ಲ. ಎರಡೂ ರಂಗಭೂಮಿಗಳ ಉಳಿವಿನ ಲೆಕ್ಕಾಚಾರವೂ ಇದರಲ್ಲಿದೆ.

ಮೊದಲು ಖಾನಾಪುರದ ಕಡೆ ನೋಡಬೇಕು. ಮಲಪ್ರಭೆ ಹುಟ್ಟುವುದು ಈ ತಾಲ್ಲೂಕಿನ ಕಣಕುಂಬಿಯಲ್ಲಿ. ಕದಂಬರ ಹಲಸಿ, ಸಂಗೊಳ್ಳಿ ರಾಯಣ್ಣ 1831ರ ಜನವರಿ 26ರಂದು ನೇಣಿಗೇರಿದ ನಂದಗಡ ಇರುವುದೂ ಇಲ್ಲಿಯೇ. ಪಶ್ಚಿಮದ ಕಾಡಂಚಿನ ಜಾಂಬೋಟಿ, ಕಣಕುಂಬಿ ಕಡೆ ಮರಾಠಿ ಹೆಚ್ಚು. ಪೂರ್ವದ ಇಟಗಿ, ಪಾರಿಶ್ವಾಡ ಕಡೆ ಕನ್ನಡ. ಕಾಡಿನ ಹಾಡಿಗಳಲ್ಲಿ ಗೌಳಿಗರು, ಸಿದ್ದಿಗಳು ಇದ್ದಾರೆ. ಒಂದೇ ತಾಲ್ಲೂಕಿನ ಒಂದು ತುದಿಯಲ್ಲಿ ಭಜನಿ ಮಂಡಳದ ಮೃದಂಗ ಕೇಳಿದರೆ ಇನ್ನೊಂದು ತುದಿಯಲ್ಲಿ ಸಣ್ಣಾಟದ ದಪ್ಪು ಕೇಳುತ್ತದೆ.

ಪೂರ್ವದ ಹಳ್ಳಿಯೊಂದರಲ್ಲಿ ಜಾತ್ರೆಯ ನಾಟಕ ಹೇಗೆ ಏಳುತ್ತದೆ ಎಂಬುದನ್ನು ನೋಡಿದವರಿಗೆ ಅದರ ಶ್ರಮ ಗೊತ್ತು. ಜಾತ್ರೆಗೆ ಎರಡು ತಿಂಗಳಿರುವಾಗ ಗುಡಿಯ ಪೌಳಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ತಾಲೀಮು ಕೂಡುತ್ತದೆ. ನಾಟಕದ ಪುಸ್ತಕ ಒಂದೇ ಇರುವುದರಿಂದ ತಂತಮ್ಮ ಪಾರ್ಟನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಎದುರಿನವನ ಮಾತಿನ ಕೊನೆಯ ಎರಡು ಪದ, ಕೆಳಗೆ ತನ್ನ ಮಾತು. ಪೇಟಿ ಮಾಸ್ತರರು ಬಂದ ದಿನ ಹಾಡು, ಬಾರದ ದಿನ ಬರೀ ಮಾತು. ಹೊಲದ ಕೆಲಸ ಮುಗಿಸಿ, ಊಟ ಮಾಡಿ, ರಾತ್ರಿ ಒಂಬತ್ತಕ್ಕೆ ಸೇರಿದವರು ಹನ್ನೆರಡಕ್ಕೆ ಏಳುತ್ತಾರೆ. ಖರ್ಚಿಗೆ ಪಾತ್ರಧಾರಿಗಳೇ ತಲಾ ಇಷ್ಟಿಷ್ಟು ಎಂದು ಹಾಕುತ್ತಾರೆ. ಉಳಿದದ್ದಕ್ಕೆ ಊರಲ್ಲಿ ಪಟ್ಟಿ ಎತ್ತುತ್ತಾರೆ. ಪಾತ್ರಧಾರಿಗಳ ಫೋಟೊ ಸಾಲಾಗಿ ಇರುವ ಹ್ಯಾಂಡ್‌ಬಿಲ್ ಅಚ್ಚಾಗಿ ಬಂದ ದಿನ ಊರಿಗೆ ಊರೇ ಅದನ್ನು ಓದುತ್ತದೆ.

ನಾಟಕದ ರಾತ್ರಿ ಪರದೆಯ ಸೀನುಗಳು, ಲೈಟು, ಕೀಬೋರ್ಡು, ರಿದಮ್ ಪ್ಯಾಡು ಎಲ್ಲ ಬಾಡಿಗೆಗೆ ಬರುತ್ತವೆ. ನಾಯಕ ಮೊದಲ ಸಲ ರಂಗಕ್ಕೆ ಬಂದನೋ ಇಲ್ಲವೋ, ಅವನ ಸೋದರಮಾವ ಮೇಲೇರಿ ಬಂದು ಅಂಗಿಗೆ ನೋಟು ಚುಚ್ಚುತ್ತಾನೆ. ಆಯೇರಿ ಮಾಡಿದವರ ಹೆಸರು ಮೈಕಿನಲ್ಲಿ ಮೊಳಗುತ್ತದೆ, ಕತೆ ಅಷ್ಟು ಹೊತ್ತು ನಿಲ್ಲುತ್ತದೆ. ಪಟ್ಟಣದ ರಂಗಾಸಕ್ತರಿಗೆ ಇದು ರಸಭಂಗ ಎನ್ನಿಸಬಹುದು. ಆದರೆ ಈ ನೋಟುಗಳೇ ಎಷ್ಟೋ ತಂಡಗಳ ಸಾಲವನ್ನು ತೀರಿಸುತ್ತವೆ. ಊರು ತನ್ನ ನಾಟಕಕ್ಕೆ ತಾನೇ ಹಣ ಹೂಡುವ ಈ ರೀತಿಯನ್ನು ಕೀಳಾಗಿ ನೋಡುವುದು ತಪ್ಪು.

ಹವ್ಯಾಸಿ ಎನ್ನುವ ಈ ನಾಟಕದೊಳಗೆ ವೃತ್ತಿಯವರೂ ಇದ್ದಾರೆ. ಹಳ್ಳಿಯ ನಾಟಕದಲ್ಲಿ ಹೆಣ್ಣು ಪಾತ್ರಕ್ಕೆ ಊರಿನ ಹೆಣ್ಣುಮಕ್ಕಳು ಬರುವುದು ಈಗಲೂ ಅಪರೂಪ. ಆದ್ದರಿಂದ ಬೇರೆ ಊರುಗಳಿಂದ ಕಲಾವಿದೆಯರನ್ನು ಕರೆಸುತ್ತಾರೆ. ಒಂದೆರಡು ತಾಲೀಮಿನಲ್ಲೇ ಊರ ಹುಡುಗರ ಹತ್ತು ತಪ್ಪುಗಳನ್ನು ಮುಚ್ಚಿ ನಾಟಕವನ್ನು ದಡ ಮುಟ್ಟಿಸುವವರು ಇವರು. ಮಾತು ಮರೆತು ನಿಂತ ನಾಯಕನಿಗೆ ಪ್ರಶ್ನೆಯ ರೂಪದಲ್ಲಿ ಅವನ ಮಾತನ್ನೇ ನೆನಪಿಸಿಕೊಡುವ ಚಾತುರ್ಯ ಇವರದು. ಇಂಥವರಿಗೆ ಒಪ್ಪಿಕೊಂಡ ಸಂಭಾವನೆ ಬೆಳಗಾಗುವ ಮೊದಲೇ ಕೈಗೆ ಬರಬೇಕು. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಬೇಕು. ಮರಳಿ ಹೋಗಲು ವಾಹನ ಬೇಕು. ಜಾತ್ರಾ ಸಮಿತಿಗಳು ಪಟ್ಟಿ ಎತ್ತುವ ಮೊದಲ ದಿನವೇ ಈ ಮೂರನ್ನು ಬರೆದಿಟ್ಟುಕೊಳ್ಳಬೇಕು. ಜೊತೆಗೆ ಊರಿನ ಹೆಣ್ಣುಮಕ್ಕಳಿಗೂ ರಂಗ ತೆರೆದುಕೊಳ್ಳಬೇಕು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಪಾರಿಜಾತಕ್ಕೆ ನಾಡೆಲ್ಲ ಹೆಸರು ಬಂದ ಜಿಲ್ಲೆ ಇದು.

ಹಳ್ಳಿಯ ನಾಟಕಕ್ಕೆ ಇನ್ನೊಂದು ತೊಡಕು ಗಡಿಯಾರದ್ದು. ಶಬ್ದ ಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಮುಚ್ಚಿದ ಸಭಾಂಗಣಗಳಿಗೆ ಈ ನಿರ್ಬಂಧವಿಲ್ಲ. ಹಳ್ಳಿಯ ನಾಟಕ ಶುರುವಾಗುವುದೇ ಹತ್ತರ ಮೇಲೆ. ಹೀಗಾಗಿ ಪ್ರತಿ ಜಾತ್ರೆಯಲ್ಲೂ ಸಮಿತಿಯ ಹಿರಿಯರು ಪೊಲೀಸ್ ಠಾಣೆಗೆ ಓಡಾಡಬೇಕಾಗುತ್ತದೆ. ನಾಟಕ ಯಾವ ಕ್ಷಣದಲ್ಲಿ ನಿಂತೀತೋ ಎಂಬ ಅಳುಕಿನಲ್ಲೇ ನಡೆಯುತ್ತದೆ. ನಿಯಮ ಸರಿಯಾದದ್ದೇ. ಹಸುಗೂಸು, ರೋಗಿ, ಪರೀಕ್ಷೆ ಬರೆಯುವ ಮಕ್ಕಳು ಇರುವ ಊರಲ್ಲಿ ಬೆಳತನಕ ಮೈಕು ಕೂಗಬಾರದು. ಆದ್ದರಿಂದ ನಾಟಕದ ಕಡೆಯಿಂದಲೇ ಬದಲಾವಣೆ ಆಗಬೇಕು. ಐದು ತಾಸಿನ ನಾಟಕವನ್ನು ಮೂರು ತಾಸಿಗೆ ಇಳಿಸಿ ಸಂಜೆ ಏಳಕ್ಕೆ ನಾಂದಿ ಹಾಡಿದರೆ ಹತ್ತಕ್ಕೆ ಮಂಗಳ ಹಾಡಬಹುದು. ಆಯೇರಿಯನ್ನು ಅಂಕಗಳ ನಡುವಿನ ವಿರಾಮಕ್ಕೆ ಸರಿಸಿದರೇ ಸಾಕಷ್ಟು ಹೊತ್ತು ಉಳಿಯುತ್ತದೆ. ಇದನ್ನು ಹೇಳಿದರೆ ಊಟ ಮಾಡದೆ ಯಾರು ಬರುತ್ತಾರೆ ಎಂದು ಕೇಳುವವರಿದ್ದಾರೆ. ಜಾತ್ರೆಯ ಪ್ರಸಾದವನ್ನೇ ಆರಕ್ಕೆ ಬಡಿಸಿದರೆ ಆ ಪ್ರಶ್ನೆ ಏಳುವುದಿಲ್ಲ.

ಬೆಳಗಾವಿ ನಗರದ ಕತೆ ಬೇರೆ. ಸೂಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಶಿವಪುತ್ರ ಕೊಂಕಾಳಿಮಠರಾಗಿ ಹುಟ್ಟಿದ ಕುಮಾರ ಗಂಧರ್ವರ ಹೆಸರಿನ ರಂಗಮಂದಿರ ಇಲ್ಲಿದೆ. ಕನ್ನಡದಲ್ಲಿ ರಂಗಸಂಪದ, ರಂಗಸೃಷ್ಟಿಯಂಥ ತಂಡಗಳು, ಮರಾಠಿಯಲ್ಲಿ ವರೇರಕರ ನಾಟ್ಯ ಸಂಘದಂಥ ಸಂಸ್ಥೆ, ಕಾಲೇಜುಗಳ ರಂಗತಂಡಗಳು ಇವೆ. 2003ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, 2011ರಲ್ಲಿ ವಿಶ್ವ ಕನ್ನಡ ಸಮ್ಮೇಳನ, 2015ರಲ್ಲಿ ಅಖಿಲ ಭಾರತೀಯ ಮರಾಠಿ ನಾಟ್ಯ ಸಮ್ಮೇಳನ ಮೂರೂ ನಡೆದ ಊರು ಇದು. ದೊಡ್ಡ ಸಮಾವೇಶಗಳಿಗೆ ಇಲ್ಲಿ ಬರವಿಲ್ಲ. ಬರ ಇರುವುದು ತಾಲೀಮಿಗೆ ಒಂದು ಕೋಣೆಗೆ. ದೊಡ್ಡ ರಂಗಮಂದಿರದ ಒಂದು ದಿನದ ಬಾಡಿಗೆ, ಲೈಟು, ಧ್ವನಿ, ಸೆಟ್ ಎಂದು ಲೆಕ್ಕ ಹಾಕಿದರೆ ತಿಂಗಳ ಸಂಬಳದಲ್ಲಿ ನಾಟಕ ಮಾಡುವವರ ಕೈ ನಡುಗುತ್ತದೆ. ಒಂದು ಪ್ರಯೋಗಕ್ಕೆ ಎರಡು ತಿಂಗಳು ತಾಲೀಮು, ಆಮೇಲೆ ಒಂದೇ ಪ್ರದರ್ಶನ, ಅಲ್ಲಿಗೆ ಮುಗಿಯಿತು. ಎರಡನೆಯ ಪ್ರದರ್ಶನಕ್ಕೆ ಜನ ಎಲ್ಲಿಂದ ತರುವುದು ಎಂದು ತಂಡಗಳು ಕೈಚೆಲ್ಲುತ್ತವೆ. ಆ ಜನ ಊರಲ್ಲೇ ಇದ್ದಾರೆ. ಅವರು ಇನ್ನೊಂದು ಭಾಷೆಯವರು, ಅಷ್ಟೇ.

ಬೆಳಗಾವಿಯಲ್ಲಿ ಬೀದಿಗೂ ಒಂದು ರಂಗಭೂಮಿ ಇದೆ. ಶಿವಜಯಂತಿಯ ಚಿತ್ರರಥದ ಮೆರವಣಿಗೆಯಲ್ಲಿ ಗಲ್ಲಿಗಲ್ಲಿಯ ಯುವಕ ಮಂಡಳಗಳು ಟ್ರಾಲಿಯ ಮೇಲೆ ಕೋಟೆ ಕಟ್ಟಿ, ಶಿವಾಜಿಯ ಚರಿತ್ರೆಯ ಪ್ರಸಂಗಗಳನ್ನು ಜೀವಂತವಾಗಿ ಆಡಿ ತೋರಿಸುತ್ತವೆ. ಟ್ರಾಲಿ ನಿಂತಲ್ಲೆಲ್ಲ ಮತ್ತೆ ಅದೇ ಪ್ರಸಂಗ; ರಾತ್ರಿಯಿಡೀ ಒಬ್ಬ ಹುಡುಗ ಹತ್ತಾರು ಸಲ ಅಫಜಲ ಖಾನನಾಗಿ ಬೀಳುತ್ತಾನೆ, ಏಳುತ್ತಾನೆ. ಇದಕ್ಕೆ ವಿಮರ್ಶೆ ಬರೆಯುವವರಿಲ್ಲ. ಇದು ನಾಟಕ ಎಂದು ಲೆಕ್ಕಕ್ಕೆ ಹಿಡಿಯುವವರೂ ಕಡಿಮೆ. ಆದರೆ ಬಣ್ಣದ ಮೊದಲ ರುಚಿ ಈ ಊರಿನ ಎಷ್ಟೋ ಹುಡುಗರಿಗೆ ಹತ್ತುವುದು ಇಲ್ಲಿಯೇ. ಹವ್ಯಾಸಿ ತಂಡಗಳು ನಟರಿಲ್ಲ ಎಂದು ಕೊರಗುವ ಬದಲು ಮೆರವಣಿಗೆಯ ಮರುವಾರ ಈ ಹುಡುಗರನ್ನು ಹುಡುಕಿಕೊಂಡು ಹೋಗಬೇಕು.

ಸಂಗೀತದ ಮಾತಿಗೆ ಬಂದರೆ, ಊರವರೇ ಕೂಡಿ ನುಡಿಸುವ ವಾದ್ಯವೃಂದ ಎಂದಾಗ ನಮಗೆ ಪಿಟೀಲು, ಚೆಲ್ಲೊಗಳ ಪಾಶ್ಚಾತ್ಯ ಚಿತ್ರ ಕಣ್ಣೆದುರು ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಆರ್ಕೆಸ್ಟ್ರಾ ಎಂದರೆ ಸಿನಿಮಾ ಹಾಡಿನ ರಸಮಂಜರಿ. ಈ ಎರಡರ ನಡುವೆ ನಿಜವಾದ ಊರ ವಾದ್ಯವೃಂದ ಮರೆಯಾಗಿದೆ. ಕರಡಿ ಮಜಲನ್ನೇ ನೋಡಿ. ಕರಡಿ, ಸನಾದಿ, ತಾಳ ಹಿಡಿದ ಹಳ್ಳಿಯ ಕಲಾವಿದರು ಬರೆದಿಟ್ಟ ಸ್ವರಲಿಪಿ ಇಲ್ಲದೆ, ಕೈಯಾಡಿಸುವ ನಿರ್ದೇಶಕನಿಲ್ಲದೆ, ಕಣ್ಣಸನ್ನೆಯಲ್ಲೇ ಲಯ ಬದಲಿಸುತ್ತಾರೆ. ಮದುವೆಯ ಮೆರವಣಿಗೆಯಿಂದ ದೇವರ ಪಲ್ಲಕ್ಕಿಯವರೆಗೆ ಇವರಿಲ್ಲದೆ ಹೆಜ್ಜೆ ಎತ್ತುತ್ತಿರಲಿಲ್ಲ. ಈಗ ಆ ಜಾಗಕ್ಕೆ ಡಿಜೆ ಬಂದಿದೆ. ಗಣೇಶೋತ್ಸವಕ್ಕೆ ಮುನ್ನ ಬೆಳಗಾವಿಯ ಮೈದಾನಗಳಲ್ಲಿ ಝಾಂಜ್ ಪಥಕಗಳ ತಾಲೀಮು ನಡೆಯುತ್ತದೆ, ಹುಡುಗಿಯರೂ ಢೋಲು ಕಟ್ಟಿಕೊಂಡು ನಿಲ್ಲುತ್ತಾರೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಊರಾದ್ದರಿಂದ ಸೇನೆಯ ಬ್ಯಾಂಡಿನ ಶಿಸ್ತೂ ಈ ಊರಿನ ಕಿವಿಗೆ ಹೊಸದಲ್ಲ. ಚರ್ಚುಗಳಲ್ಲಿ ಕೊಂಕಣಿ, ಕನ್ನಡ, ಮರಾಠಿ, ಇಂಗ್ಲಿಷ್ ಹಾಡುವ ಗಾಯನ ವೃಂದಗಳಿವೆ.

ಬೇರೆ ಬೇರೆ ಸಂಗೀತಗಳು ಒಂದು ವೇದಿಕೆಗೆ ಬಂದ ದೊಡ್ಡ ಉದಾಹರಣೆಯೂ ಬೆಳಗಾವಿಯಲ್ಲೇ ಇದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ಏಕೀಕರಣದ ಗೀತೆ ಮೊಳಗಿತು. ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಹನ್ನೊಂದರ ಬಾಲಕಿ ಗಂಗೂಬಾಯಿ ಇದ್ದಳು, ಮುಂದೆ ಗಂಗೂಬಾಯಿ ಹಾನಗಲ್ ಆಗಿ ಬೆಳೆದವಳು. ಮೈಸೂರಿನ ವೀಣೆ ಶೇಷಣ್ಣನವರು ವೀಣೆ ನುಡಿಸಿದರು. ಮಹಾರಾಷ್ಟ್ರದ ವಿಷ್ಣು ದಿಗಂಬರ ಪಲುಸ್ಕರರು ಹಾಡಿದರು. ಕರ್ನಾಟಕಿ, ಹಿಂದುಸ್ತಾನಿ, ಕನ್ನಡ, ಮರಾಠಿ ಯಾವುದೂ ಒಂದಕ್ಕೊಂದು ಅಡ್ಡ ಬರಲಿಲ್ಲ. ಆಕಾಶವಾಣಿ 1952ರಲ್ಲಿ ಕಟ್ಟಿದ ವಾದ್ಯವೃಂದವನ್ನು ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ನಿರ್ದೇಶಿಸಿದ್ದು ಇಂಥದೇ ಕೂಡುವಿಕೆಯ ಇನ್ನೊಂದು ಪ್ರಯತ್ನ. ದೂರದ ವೆನೆಜುವೆಲಾದಲ್ಲಿ 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೆಯು ಕಾರಾಕಸ್ ನಗರದ ಗ್ಯಾರೇಜೊಂದರಲ್ಲಿ ಬೆರಳೆಣಿಕೆಯ ಹುಡುಗರನ್ನು ಕೂಡಿಸಿ ಆರಂಭಿಸಿದ ಕೆಲಸ ಮುಂದೆ ಲಕ್ಷಾಂತರ ಮಕ್ಕಳ ಕೈಗೆ ವಾದ್ಯ ಕೊಟ್ಟಿತು. ಅಲ್ಲಿ ವಾದ್ಯಗಳನ್ನೂ ಗುರುಗಳನ್ನೂ ಹೊಂದಿಸಬೇಕಾಯಿತು. ಬೆಳಗಾವಿಯಲ್ಲಿ ಎರಡೂ ಇವೆ. ಸನಾದಿಯವರು, ಢೋಲಿನವರು, ಪೇಟಿಯವರು, ಚರ್ಚಿನ ಗಾಯಕರು ವರ್ಷಕ್ಕೊಮ್ಮೆಯಾದರೂ ಒಂದೇ ಸಂಜೆ ಕೂತು ನುಡಿಸುವ ಹಾಗೆ ಮಾಡಲು ಹಣಕ್ಕಿಂತ ಮೊದಲು ಕರೆಯುವವರು ಬೇಕು. ಕಾಲೇಜೊಂದರ ಸಂಗೀತ ವಿಭಾಗ ಮನಸ್ಸು ಮಾಡಿದರೆ ಒಂದು ಚಳಿಗಾಲದಲ್ಲಿ ಆಗುವ ಕೆಲಸ.

ಭಾಷೆಯ ಗೋಡೆಗೆ ಬರೋಣ. ಈ ಗೋಡೆ ರಂಗಭೂಮಿಯಲ್ಲಿ ಎಷ್ಟು ಈಚಿನದು ಎಂಬುದಕ್ಕೆ ಸವದತ್ತಿ ತಾಲ್ಲೂಕೊಂದೇ ಸಾಕು. ಅಲ್ಲಿನ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದವರು ಬಳವಂತ ಪಾಂಡುರಂಗ ಕಿರ್ಲೋಸ್ಕರ, ಅಂದರೆ ಮರಾಠಿ ಸಂಗೀತ ನಾಟಕದ ಪಿತಾಮಹ ಅಣ್ಣಾಸಾಹೇಬ ಕಿರ್ಲೋಸ್ಕರ. ಅದೇ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದವರು ಏಣಗಿ ಬಾಳಪ್ಪ, ಕನ್ನಡ ವೃತ್ತಿ ರಂಗಭೂಮಿಯ ಹಿರಿಯಜ್ಜ. ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದಾಗ ಸರಕಾರಿ ನೌಕರಿಯಲ್ಲಿದ್ದರು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅವರೂ ಹವ್ಯಾಸಿಯೇ. ಬಾಳಪ್ಪನವರು ಬಾಲನಟನಾಗಿ, ಸ್ತ್ರೀಪಾತ್ರಧಾರಿಯಾಗಿ ಬೆಳೆದು, ಕಲಾವೈಭವ ನಾಟ್ಯ ಸಂಘ ಕಟ್ಟಿ, ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾಗಿ ಜನರಿಂದ ಕೈಮುಗಿಸಿಕೊಂಡರು. ನೂರಾ ಮೂರು ವರ್ಷ ಬಾಳಿ 2017ರ ಆಗಸ್ಟ್‌ನಲ್ಲಿ ಕಣ್ಮುಚ್ಚಿದರು. ಎರಡು ಭಾಷೆಗಳ ಎರಡು ಮೇರುಗಳು ಒಂದೇ ತಾಲ್ಲೂಕಿನ ಮಣ್ಣಿನವರು.

ಇನ್ನೂ ಹಿಂದಕ್ಕೆ ಹೋದರೆ ಕೊಡುಕೊಳ್ಳುವಿಕೆ ಮತ್ತಷ್ಟು ಸ್ಪಷ್ಟ. ಕರ್ನಾಟಕದ ಕರಾವಳಿಯ ಭಾಗವತರ ಮೇಳವೊಂದು ಸಾಂಗಲಿಗೆ ಹೋಗಿ ಆಟ ಆಡಿತು. ಅದು ಹೊನ್ನಾವರದ ಬಳಿಯ ಕರ್ಕಿಯ ಮೇಳ ಎಂದು ರಂಗ ಇತಿಹಾಸಕಾರರು ಗುರುತಿಸುತ್ತಾರೆ. ಆಟ ನೋಡಿ ಮೆಚ್ಚಿದ ಸಾಂಗಲಿಯ ದೊರೆ ಮರಾಠಿಯಲ್ಲೂ ಇಂಥದ್ದು ಆಗಬೇಕೆಂದು ತನ್ನ ಆಶ್ರಿತ ವಿಷ್ಣುದಾಸ ಭಾವೆಗೆ ಹೇಳಿದ. 1843ರ ನವೆಂಬರ್ 5ರಂದು ಭಾವೆಯ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ದಿನ ಎಂದು ಆಚರಿಸುವುದು ಇದನ್ನೇ. ಮುಂದೆ ಮರಾಠಿ ಕಂಪನಿಗಳು ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಮೆರೆದಾಗ ಕನ್ನಡದ ನೆಲದಲ್ಲಿ ಕನ್ನಡದ ನಾಟಕವೇ ಇಲ್ಲವಲ್ಲ ಎಂದು ನೊಂದ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಗದುಗಿನಲ್ಲಿ ತಂಡ ಕಟ್ಟಿ ಕನ್ನಡ ನಾಟಕ ಆಡಿಸಿದರು. ಕನ್ನಡದ ಮೇಳ ನೋಡಿ ಮರಾಠಿ ನಾಟಕ ಎದ್ದಿತು. ಮರಾಠಿ ಕಂಪನಿ ನೋಡಿ ಕನ್ನಡ ನಾಟಕ ಎದ್ದಿತು. ಪೈಪೋಟಿ ಇತ್ತು, ಸಿಟ್ಟೂ ಇತ್ತು. ಆದರೆ ಒಬ್ಬರ ಆಟವನ್ನು ಇನ್ನೊಬ್ಬರು ನೋಡುತ್ತಿದ್ದರು ಎಂಬುದೇ ಇಲ್ಲಿ ಮುಖ್ಯ. ನೋಡದೆ ಸಿಟ್ಟು ಬರುವುದು ಈಚಿನ ರೋಗ.

ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಕಲಿಸಿದ ಮರಾಠಿ ಲೇಖಕ ಪು.ಲ. ದೇಶಪಾಂಡೆಯವರು ‘ಗಣಗೋತ’ದಲ್ಲಿ ಈ ಊರಿನ ‘ರಾವಸಾಹೇಬ’ ಕೃಷ್ಣರಾವ ಹರಿಹರರ ವ್ಯಕ್ತಿಚಿತ್ರ ಬರೆದರು. ಕನ್ನಡದ ವರಸೆಯ ಮರಾಠಿ ಆಡುತ್ತ, ನಾಟಕ ಸಂಗೀತಕ್ಕೆ ಜೀವ ಬಿಡುವ ಆ ರಾವಸಾಹೇಬರನ್ನು ಮರಾಠಿ ಓದುಗರು ಇಂದಿಗೂ ಪ್ರೀತಿಸುತ್ತಾರೆ. ಕುಮಾರ ಗಂಧರ್ವರು ಕನ್ನಡದ ಮಠದ ಮನೆಯಲ್ಲಿ ಹುಟ್ಟಿ, ದೇವಾಸದಲ್ಲಿ ನೆಲೆಸಿ, ಕಬೀರನನ್ನು ಹಾಡಿದರು, ಬಾಲಗಂಧರ್ವರ ಮರಾಠಿ ನಾಟ್ಯಗೀತೆಗಳಿಗೆಂದೇ ಕಛೇರಿ ಕಟ್ಟಿದರು. ಆಧುನಿಕ ನಾಟಕದಲ್ಲೂ ಇದೇ ಸಾಲು. ಗಿರೀಶ ಕಾರ್ನಾಡರ ‘ತುಘಲಕ್’ ಮರಾಠಿಗೆ ಬಂದದ್ದು ವಿಜಯ ತೆಂಡೂಲ್ಕರರ ಕೈಯಿಂದ. ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೆ’ ಕನ್ನಡದ ತಂಡಗಳಿಗೆ ಮನೆಯ ನಾಟಕವೇ ಆಗಿಹೋಗಿದೆ. ಅಜಿತ ದಳವಿಯವರ ಮರಾಠಿ ನಾಟಕವನ್ನು ‘ಗಾಂಧಿ ವರ್ಸಸ್ ಗಾಂಧಿ’ಯಾಗಿ ಕನ್ನಡಕ್ಕೆ ತಂದವರು ಬೆಳಗಾವಿಯ ನಾಟಕಕಾರ ಡಿ.ಎಸ್. ಚೌಗಲೆ. ಇಂಥ ಊರಿನಲ್ಲಿ ಪ್ರೇಕ್ಷಕರು ಮಾತ್ರ ಎರಡು ಪಾಲಾಗಿ ಕೂತಿದ್ದಾರೆ.

ಒಂದು ನೇರ ಸಲಹೆ. ನವೆಂಬರ್ 1 ಮತ್ತು 5ರ ನಡುವಿನ ದಿನಗಳು ಬೆಳಗಾವಿಯಲ್ಲಿ ವರ್ಷವರ್ಷವೂ ಗಡಿ ವಿವಾದದ ಬಿಗುವಿನಲ್ಲೇ ಕಳೆಯುತ್ತವೆ. ಪೊಲೀಸ್ ಬಂದೋಬಸ್ತು, ಘೋಷಣೆ, ಪ್ರತಿಘೋಷಣೆ. ಈ ದಿನಗಳನ್ನೇ ಹವ್ಯಾಸಿ ತಂಡಗಳು ತಮ್ಮದಾಗಿ ಮಾಡಿಕೊಳ್ಳಬೇಕು. ರಾಜ್ಯೋತ್ಸವದ ವಾರದಲ್ಲಿ ಮರಾಠಿ ತಂಡವೊಂದು ಕಾರ್ನಾಡರನ್ನೋ ಕಂಬಾರರನ್ನೋ ಮರಾಠಿಯಲ್ಲಿ ಆಡಲಿ. 5ರಂದು ಕನ್ನಡದ ತಂಡವೊಂದು ಪಾರಿಜಾತದ ಒಂದು ಪ್ರಸಂಗ ಆಡಲಿ. ಕೃಷ್ಣ, ರುಕ್ಮಿಣಿ, ಸತ್ಯಭಾಮೆ, ನಾರದರು ಮರಾಠಿ ಪ್ರೇಕ್ಷಕರಿಗೆ ಪರಕೀಯರಲ್ಲ. ಕುಲಗೋಡ ತಮ್ಮಣ್ಣನ ಪದಗಳ ಹಿಂದುಸ್ತಾನಿ ಧಾಟಿ ನಾಟ್ಯಸಂಗೀತದ ಕಿವಿಗೆ ತಟ್ಟನೆ ಒಗ್ಗುತ್ತದೆ. ಇಲ್ಲವೇ ಬೈಲಹೊಂಗಲದಲ್ಲಿ ನಿಜಕ್ಕೂ ನಡೆದ ಕೊಲೆಯ ಮೇಲೆ ಪತ್ತಾರ ಮಾಸ್ತರರು ಕಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಆಡಲಿ. ಗೆಳೆತನ, ಮೋಹ, ವಂಚನೆ, ಕೊಲೆಗಳ ಆ ಕತೆಗೆ ಅನುವಾದಕನ ಹಂಗಿಲ್ಲ. ಘೋಡಗೇರಿಯ ಚಂದ್ರಶೇಖರ ಕಂಬಾರರು ಜ್ಞಾನಪೀಠದವರೆಗೆ ಹೋದದ್ದು ಇಂಥ ಆಟಗಳ ಬಯಲಿನಿಂದಲೇ.

ಇದಕ್ಕೆ ಎದುರಾಗುವ ಆಕ್ಷೇಪವನ್ನು ಹಗುರಾಗಿ ನೋಡಬಾರದು. ಗಡಿಯಲ್ಲಿ ಕನ್ನಡಕ್ಕೆ ಸಿಗಬೇಕಾದ ಜಾಗವೇ ಇನ್ನೂ ಪೂರ್ತಿ ಸಿಕ್ಕಿಲ್ಲ, ಅಷ್ಟರಲ್ಲಿ ಮರಾಠಿಗೆ ಚಪ್ಪಾಳೆಯೇ ಎಂದು ಕೇಳುವ ಕನ್ನಡಿಗರಿದ್ದಾರೆ. ಅವರ ನೋವು ನಿಜವಾದದ್ದು. ಹೀಗೆಯೇ ಮರಾಠಿಯವರಿಗೂ ತಮ್ಮ ನೋವುಗಳಿವೆ. ಆದರೆ ನಾಟಕದ ಮಟ್ಟಿಗೆ ಹೇಳುವುದಾದರೆ, ಕನ್ನಡ ನಾಟಕ ನೋಡಿದ ಮರಾಠಿಗನೊಬ್ಬ ಹೆಚ್ಚಾದರೆ ಕನ್ನಡದ ಕೇಳುಗನೊಬ್ಬ ಹೆಚ್ಚಾದಂತೆಯೇ. ಗಡಿಯಲ್ಲಿ ಕನ್ನಡ ಬೆಳೆಯಬೇಕಾದರೆ ಕನ್ನಡ ಬಲ್ಲವರ ಮುಂದೆ ಮಾತ್ರ ಕನ್ನಡ ಆಡಿದರೆ ಆಗುವುದಿಲ್ಲ. ಖಾನಾಪುರದ ಮರಾಠಿ ಹಳ್ಳಿಯ ಹುಡುಗಿಯೊಬ್ಬಳಿಗೆ ಕನ್ನಡ ಶಾಲೆಯ ಕಡ್ಡಾಯ ವಿಷಯವಾಗಿ ಮಾತ್ರ ಗೊತ್ತಿದ್ದರೆ ಅದು ಅಂಕಪಟ್ಟಿಯ ಭಾಷೆಯಾಗಿ ಉಳಿಯುತ್ತದೆ. ನಗಿಸುವ, ಅಳಿಸುವ, ಹಾಡುವ ಭಾಷೆಯಾಗಿ ಅದು ಅವಳಿಗೆ ಸಿಗಬೇಕಾದರೆ ನಾಟಕದಂಥ ದಾರಿ ಇನ್ನೊಂದಿಲ್ಲ.

ಖಾನಾಪುರ ಸಣ್ಣ ಊರು, ಅಲ್ಲಿ ಏನಾದೀತು ಎನ್ನುವವರಿಗೆ ಹೆಗ್ಗೋಡು ಉತ್ತರ ಕೊಟ್ಟಾಗಿದೆ. ಖಾನಾಪುರಕ್ಕಿಂತ ಎಷ್ಟೋ ಚಿಕ್ಕದಾದ ಆ ಹಳ್ಳಿಯಲ್ಲಿ 1949ರಲ್ಲಿ ನೀನಾಸಮ್ ಹುಟ್ಟಿದ್ದು ಅಡಿಕೆ ತೋಟದ ಕೆಲಸ ಮುಗಿಸಿ ನಾಟಕ ಮಾಡುವವರ ಕೂಟವಾಗಿ. ಮುಂದೆ ರಂಗಮಂದಿರ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಿಂದ ತಿರುಗಾಟ, 1991ರಲ್ಲಿ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಖಾನಾಪುರಕ್ಕೆ ಇನ್ನೂ ಹತ್ತಿರದ ಉದಾಹರಣೆ ಉತ್ತರ ಕನ್ನಡದ ಮಂಚಿಕೇರಿಯದು. 1980ರ ದಶಕದಲ್ಲಿ ಅಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿ ಸಮುದಾಯದವರನ್ನೇ ಕೂಡಿಸಿ ಚಿನುವಾ ಅಚಿಬೆಯ ಆಫ್ರಿಕಾದ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ರಂಗಕ್ಕೆ ತಂದರು. ಅಲ್ಲಿಂದ ಮುಂದೆ ಸಿದ್ದಿ ಯುವಕ ಯುವತಿಯರು ರಂಗಶಾಲೆಗಳಿಗೆ ಹೋದರು, ನಟರಾದರು. ಸಿದ್ದಿಗಳು ಖಾನಾಪುರದ ಕಾಡಿನಲ್ಲೂ ಇದ್ದಾರೆ. ಅವರ ಡಮಾಮಿ ನೃತ್ಯವನ್ನು ಉತ್ಸವದ ಮೆರವಣಿಗೆಯಲ್ಲಿ ಐದು ನಿಮಿಷ ಕುಣಿಸಿ ಕಳಿಸುವುದು ಬಿಟ್ಟು, ಅವರ ಜೊತೆ ಒಂದು ಹಂಗಾಮು ಕೂತು ನಾಟಕ ಕಟ್ಟುವ ನಿರ್ದೇಶಕರು ಬೇಕು. ಧಾರವಾಡದ ರಂಗಾಯಣ ಈ ಕೆಲಸವನ್ನು ಕೈಗೆತ್ತಿಕೊಳ್ಳಲು ತಕ್ಕ ಸಂಸ್ಥೆ.

ಟಿಕೆಟ್ ವಿಷಯದಲ್ಲಿ ತಂಡಗಳು ಸಂಕೋಚ ಬಿಡಬೇಕು. ಉಚಿತ ಪ್ರವೇಶ ಎಂದು ಬರೆದು, ಪ್ರಾಯೋಜಕರ ಬ್ಯಾನರು ಕಟ್ಟಿ, ಭಾಷಣಗಳಲ್ಲಿ ಒಂದು ತಾಸು ಕಳೆದು ನಾಟಕ ಶುರುಮಾಡುವ ರೂಢಿಯಿಂದ ಪ್ರೇಕ್ಷಕ ಬೆಳೆದಿಲ್ಲ. ನಾಟಕ, ಸಂಗೀತದ ಕಾರ್ಯಕ್ರಮಗಳಿಗೆ ತಲಾ 500 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿಯೂ ಇಲ್ಲ. ಹಣ ಕೊಟ್ಟವನು ಹೊತ್ತಿಗೆ ಸರಿಯಾಗಿ ಬರುತ್ತಾನೆ, ಕೊನೆಯವರೆಗೆ ಕೂರುತ್ತಾನೆ, ಚೆನ್ನಾಗಿಲ್ಲದಿದ್ದರೆ ಹಾಗೆಂದು ಹೇಳುತ್ತಾನೆ. ಆ ಮಾತು ತಂಡಕ್ಕೆ ಸನ್ಮಾನದ ಶಾಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಮಹಾನಗರ ಪಾಲಿಕೆ ಮಾಡಬೇಕಾದದ್ದೂ ಇದೆ: ನಗರದಲ್ಲಿ ಸಂಜೆ ಹೊತ್ತು ಖಾಲಿ ಬೀಳುವ ಶಾಲಾ ಕಾಲೇಜುಗಳ ಸಭಾಭವನಗಳನ್ನು ತಾಲೀಮಿಗೆ ಅಲ್ಪ ಬಾಡಿಗೆಗೆ ಬಿಡಿಸಿಕೊಡುವುದು, ರಂಗಮಂದಿರದಲ್ಲಿ ಹವ್ಯಾಸಿಗಳಿಗೆ ಬೇರೆ ದರ ಇಡುವುದು. ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆ ಆಮೇಲೆ ಆಗಲಿ.

ತಂಡಗಳು ಈ ಹಂಗಾಮಿನಲ್ಲೇ ಮಾಡಬಹುದಾದ ಕೆಲಸ ಹ್ಯಾಂಡ್‌ಬಿಲ್ಲಿನದು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಎರಡೂ ಕಡೆ ನಾಟಕದ ಕತೆ ನಾಲ್ಕು ಸಾಲಿನಲ್ಲಿ. ಖಾನಾಪುರ ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು, ಆದರೆ ರಾತ್ರಿ ಮರಳುವ ಚಿಂತೆಯಿಂದಲೇ ಅಲ್ಲಿನವರು ಬೆಳಗಾವಿಯ ನಾಟಕಕ್ಕೆ ಬರುವುದಿಲ್ಲ. ಆದ್ದರಿಂದ ಶುರುವಾಗುವ ಹೊತ್ತಿನ ಜೊತೆ ಮುಗಿಯುವ ಹೊತ್ತನ್ನೂ ಅಚ್ಚು ಹಾಕಿಸಿ, ಅದಕ್ಕೆ ಕಟ್ಟುಬಿದ್ದು ನಾಟಕ ಆಡಬೇಕು. ಆ ಹ್ಯಾಂಡ್‌ಬಿಲ್ಲು ಖಾನಾಪುರದ ಬಸ್ ನಿಲ್ದಾಣ, ರೈಲು ನಿಲ್ದಾಣ, ಕಾಲೇಜುಗಳ ಫಲಕಗಳಿಗೂ ಪ್ರಯೋಗಕ್ಕೆ ಹದಿನೈದು ದಿನ ಮುಂಚೆ ತಲುಪಬೇಕು. ಹಾಗೆಯೇ ಇಟಗಿಯ, ನಂದಗಡದ ಜಾತ್ರೆಯ ನಾಟಕದ ಹ್ಯಾಂಡ್‌ಬಿಲ್ಲುಗಳು ಬೆಳಗಾವಿಯ ರಂಗಮಂದಿರಗಳ ಗೋಡೆಗೂ ಬರಬೇಕು.